ಮಗ್ಗದ ಶೆಡ್ಡಿನ ಹೊರಗೆ ಬಿಟ್ಟ ಚಪ್ಪಲಿ

ಮೂರು ವರ್ಷದ ಹಿಂದೆ ನಾನು ಕೊಯಮತ್ತೂರಿನ ಉಕ್ಕಡಂ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಓದಿದ್ದು ಬಿ.ಕಾಂ. ಅಲ್ಲಿಯವರೆಗೆ ಕಾಲು ಎಂದರೆ ನನಗೆ ನಡೆಯುವುದಕ್ಕೆ ಇರುವ ವಸ್ತು, ಅಷ್ಟೇ. ಆದರೆ ಆ ಅಂಗಡಿಯಲ್ಲಿ ಬರೀ ಚಪ್ಪಲಿ ಮಾರುವುದಿಲ್ಲ. ಕಾಲಿನ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರ್ ಕತ್ತರಿಸಿ ಚಪ್ಪಲಿ ಮಾಡಿಕೊಡುತ್ತೇವೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರೇ ಹೆಚ್ಚಾಗಿ ಹಾಕುವುದರಿಂದ ಊರಿನ ಜನ ಅದನ್ನು ಶುಗರ್ ಚಪ್ಪಲಿ ಎನ್ನುತ್ತಾರೆ. ಸೇರಿದ ವಾರದಲ್ಲೇ ನನಗೆ ಕಾಲಿನ ಹುಚ್ಚು ಹಿಡಿಯಿತು. ಫೋನಿನಲ್ಲಿ ವಿಡಿಯೋ ನೋಡಿದೆ, ಹಳೇ ನರ್ಸಿಂಗ್ ಪುಸ್ತಕ ಹುಡುಕಿ ಓದಿದೆ, ಟೌನ್ ಬಸ್ಸಿನಲ್ಲಿ ಕೂತರೆ ಎದುರಿನವರ ಪಾದವನ್ನೇ ನೋಡುತ್ತಿದ್ದೆ.

‘ಮುಖ ನೋಡಿ ಮಾತಾಡಮ್ಮಾ, ಯಾರಾದರೂ ಹೊಡೆದಾರು’ ಎಂದು ಮಾಲೀಕರಾದ ಷಣ್ಮುಗಂ ಅಣ್ಣ ತಮಿಳಿನಲ್ಲಿ ಬೈಯುತ್ತಿದ್ದರು.

ಮುಖಕ್ಕಿಂತ ಕಾಲು ಹೆಚ್ಚು ಹೇಳುತ್ತದೆ, ನಾನೇನು ಮಾಡಲಿ? ಮೀನು ಮಾರ್ಕೆಟ್ಟಿನಿಂದ ಬರುವವರಿಗೆ ಬೆರಳ ಸಂದಿಯಲ್ಲಿ ಬಿಳಿಚಿಕೊಂಡು ತುರಿಕೆ. ಇಡೀ ದಿನ ನೀರಿನಲ್ಲಿ ನಿಂತರೆ ಹಾಗಾಗುತ್ತದೆ. ಮನೆಗೆ ಹೋದ ತಕ್ಷಣ ಸಂದಿ ಸಂದಿಯನ್ನೂ ಒಣಬಟ್ಟೆಯಲ್ಲಿ ಒರೆಸಿ, ಅಲ್ಲಿಗೆ ಮಾತ್ರ ಎಣ್ಣೆ ಹಚ್ಚಬೇಡಿ ಎನ್ನುತ್ತಿದ್ದೆ. ಜವಳಿ ಅಂಗಡಿಯಲ್ಲಿ ನಿಂತೇ ಕೆಲಸ ಮಾಡುವ ಹುಡುಗಿಯರಿಗೆ ಬೆಳಗ್ಗೆ ಮಂಚದಿಂದಿಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮೊಳೆ ಹೊಡೆದಂಥ ನೋವು. ಪಾದದಡಿಯ ದಪ್ಪ ನರದಂಥ ಪಟ್ಟಿ ಎಳೆದು ಎಳೆದು ಊದಿಕೊಂಡಿರುತ್ತದೆ. ಇಳಿಯುವ ಮುಂಚೆ ಒಂದು ಟವೆಲ್ಲನ್ನು ಪಾದದ ಮುಂಭಾಗಕ್ಕೆ ಹಾಕಿ ಮೆಲ್ಲಗೆ ನಮ್ಮ ಕಡೆ ಎಳೆದುಕೊಂಡರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ. ಇಂಥ ಸಣ್ಣ ಮಾತಿನಿಂದ ಯಾರಾದರೂ ನಗುತ್ತಾ ಹೋದರೆ ನನಗೆ ಆ ದಿನ ಊಟವೇ ಬೇಡ.

ಅಂಥ ಹಿಮ್ಮಡಿ ನೋವು ಹೇಳಿಕೊಂಡೇ ರಾಜಮ್ಮ ಬಂದದ್ದು, ಪೊಂಗಲ್ ಕಳೆದ ಮೇಲೆ. ಜೊತೆಗೆ ಗಂಡ ಕೃಷ್ಣಪ್ಪ ಗೌಡರು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದದ್ದು ಕೇಳಿ ಗೌಡರ ಮುಖ ಅರಳಿತು. ಚಿಕ್ಕವರನ್ನು ಪ್ರೀತಿಯಿಂದ ಕಣ್ಣು ಎಂದು ಕರೆಯುವುದು ಕೊಯಮತ್ತೂರು ಕಡೆಯ ರೂಢಿ.

‘ಏನ್ ಕಣ್ಣು, ನಮ್ಮೋರಾ? ಈ ಊರಲ್ಲಿ ಅಂಗ್ಡೀಲಿ ಕನ್ನಡ ಕೇಳಿ ಎಷ್ಟ್ ಕಾಲ ಆಯ್ತು!’

‘ಹೌದು ಸಾರ್.’

‘ಸಾರ್ ಗೀರ್ ಎಲ್ಲಾ ಬ್ಯಾಂಕಲ್ಲಿ. ನಂಗೆ ಮಾಮಾ ಅನ್ನು.’

ಅವರದು ಹತ್ತಿರದ ಅನ್ನೂರು ಕಡೆಯ, ಕನ್ನಡ ಮಾತಾಡುವ ಬೇಸಾಯದ ಮನೆತನ. ಅಪ್ಪನ ಕಾಲದಲ್ಲಿ ಪಲ್ಲಡಕ್ಕೆ ಬಂದು ಪವರ್ ಲೂಮ್ ಹಾಕಿದರು. ಈಗಲೂ ಗೌಡರು ಆಳುಗಳ ಜೊತೆ ತಾವೂ ಮಗ್ಗದ ನಡುವೆ ದಿನವಿಡೀ ಓಡಾಡುತ್ತಾರೆ. ರಾಜಮ್ಮನ ಅಚ್ಚು ತೆಗೆಯುವಾಗ ಅವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನನ್ನ ಕಣ್ಣು ಅಭ್ಯಾಸದಂತೆ ಅಲ್ಲಿಗೇ ಹೋಯಿತು. ಬಲಗಾಲ ಹೆಬ್ಬೆರಳ ಬುಡದಲ್ಲಿ ದಪ್ಪನೆಯ ಆಣಿ. ಅದರ ನಟ್ಟನಡುವೆ ಒಂದು ಕಪ್ಪು ಚುಕ್ಕೆ.

ಆಣಿ ಎಲ್ಲರಿಗೂ ಆಗುತ್ತದೆ. ಒಂದೇ ಜಾಗಕ್ಕೆ ಒತ್ತಡ ಬಿದ್ದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಗಟ್ಟಿಯಾಗುತ್ತದೆ. ಆದರೆ ಕಪ್ಪು ಚುಕ್ಕೆ ಎಂದರೆ ಒಳಗೆ ರಕ್ತ ಇಳಿದಿದೆ ಎಂದು ಅರ್ಥ. ಗೌಡರಿಗೆ ಶುಗರ್ ಇದೆಯಾ ಎಂದು ಕೇಳಿದೆ. ‘ಅದಿಲ್ದೆ ಇರುತ್ತಾ? ಅಪ್ಪನ ಆಸ್ತೀಲಿ ನಂಗೆ ಪೂರ್ತಿ ಪಾಲು ಸಿಕ್ಕಿದ್ದು ಅದೊಂದೇ’ ಎಂದು ನಕ್ಕರು.

ನಮ್ಮ ಹತ್ತಿರ ಒಂದು ನೈಲಾನ್ ಎಳೆ ಇರುತ್ತದೆ. ಅದನ್ನು ಪಾದಕ್ಕೆ ಒತ್ತಿದರೆ ಒಂದು ಮಟ್ಟಕ್ಕೆ ಬಾಗುತ್ತದೆ. ಅಷ್ಟು ಒತ್ತಿದ್ದೂ ತಿಳಿಯದಿದ್ದರೆ ಆ ಜಾಗದ ಸ್ಪರ್ಶ ಹೋಗಿದೆ ಎಂದು ಲೆಕ್ಕ. ಗೌಡರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಎರಡೂ ಪಾದಕ್ಕೆ ಅಲ್ಲಲ್ಲಿ ಒತ್ತಿ ಮುಗಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು:

‘ಸೆರಿ ಕಣ್ಣು, ಯಾವಾಗ ಶುರು ಮಾಡ್ತೀಯ?’

ಷಣ್ಮುಗಂ ಅಣ್ಣ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದರು. ಗೌಡರಿಗೆ ನಿಜ ಹೇಳಿದೆವು. ಅವರು ನಂಬಲಿಲ್ಲ. ಹರಿದ ನೂಲನ್ನು ಕಣ್ಣು ಮುಚ್ಚಿ ಬೆರಳಲ್ಲೇ ಹುಡುಕಿ ಗಂಟು ಹಾಕುವವರು ಅವರು. ತಮ್ಮ ಮೈಗೆ ಎಳೆ ತಾಗಿದ್ದು ತಿಳಿಯಲಿಲ್ಲ ಎಂದರೆ ಹೇಗೆ ನಂಬುತ್ತಾರೆ? ಆಣಿಯನ್ನು ಡಾಕ್ಟರಿಗೆ ತೋರಿಸಿ ಎಂದಾಗ ಷರಟಿನ ಜೇಬಿನಿಂದ ನೂಲು ಕೊಯ್ಯುವ ಬ್ಲೇಡು ತೆಗೆದರು.

‘ಇದ್ಯಾಕೆ ಇರೋದು? ಬೆಳೆದಾಗೆಲ್ಲ ನಾನೇ ಕೊಯ್ಕೋತೀನಿ. ಒಂದ್ ಚೂರೂ ನೋಯಲ್ಲ.’

‘ನೋಯಲ್ಲ ಅನ್ನೋದೇ ತೊಂದ್ರೆ ಮಾಮಾ.’

‘ಕೇಳಿದ್ಯಾ ರಾಜೀ? ನಿಂಗೆ ನೋವು ಅಂತ ಚಪ್ಪಲಿ, ನಂಗೆ ನೋವಿಲ್ಲ ಅಂತ ಚಪ್ಪಲಿ! ಇವ್ರು ಬದುಕ್ಕೋತಾರೆ.’

ಆದರೂ ಮಾಡಿಸಿಕೊಂಡರು. ಹೆಬ್ಬೆರಳ ಬುಡಕ್ಕೆ ಭಾರ ಬೀಳದಂತೆ ಅಲ್ಲಿ ರಬ್ಬರ್ ಕೆತ್ತಿ ಗುಳಿ ಮಾಡಿ, ಹಿಂದೆ ಅಂಟಿಸುವ ಪಟ್ಟಿ ಇಟ್ಟು ಕೊಟ್ಟೆ. ನಾನು ಒಬ್ಬಳೇ ಕೂತು ಪೂರ್ತಿ ಮಾಡಿದ ಮೊದಲ ಜೊತೆ ಅದು.

ಬೇಸಗೆ ಶುರುವಾದಾಗ ಇಬ್ಬರೂ ಮತ್ತೆ ಬಂದರು. ರಾಜಮ್ಮನ ನೋವು ಇಳಿದಿತ್ತು, ಚಪ್ಪಲಿ ಸವೆದಿತ್ತು, ಇನ್ನೊಂದು ಜೊತೆ ಬೇಕಿತ್ತು. ನಾನು ಗೌಡರ ಚಪ್ಪಲಿ ಕೈಗೆ ತೆಗೆದುಕೊಂಡೆ. ದಿನವಿಡೀ ಹಾಕಿದ ಎಂ.ಸಿ.ಆರ್. ಮೇಲೆ ಪಾದ ತನ್ನ ಗುರುತು ಬಿಟ್ಟೇ ಬಿಡುತ್ತದೆ. ಹಿಮ್ಮಡಿಯ ತಗ್ಗು, ಬೆರಳ ಅಚ್ಚು ಎಲ್ಲ ಕಾಣುತ್ತದೆ. ಇದರಲ್ಲಿ ಏನೂ ಇರಲಿಲ್ಲ.

‘ಹಾಕ್ಕೊಳ್ತಿಲ್ವಾ ಮಾಮಾ?’

‘ಹಾಕ್ಕೋತೀನಲ್ಲ! ಬಸ್ಸಿಗೆ, ಕಲ್ಯಾಣಕ್ಕೆ, ಇಲ್ಲಿಗೆ.’

‘ಶೆಡ್ಡಲ್ಲಿ?’

ನಾನು ಕೇಳಬಾರದ್ದನ್ನು ಕೇಳಿದಂತೆ ನೋಡಿದರು. ‘ತರಿ ಹತ್ರ ಯಾರಾದ್ರೂ ಚಪ್ಪಲಿ ಹಾಕ್ಕೊಂಡೋಗ್ತಾರಾ? ಅನ್ನ ಹಾಕೋ ಜಾಗ ಕಣ್ಣು ಅದು.’ ಮಗ್ಗಕ್ಕೆ ಅವರು ತಮಿಳಿನ ಹಾಗೆ ತರಿ ಎನ್ನುತ್ತಾರೆ.

ಮುಂದಿನ ಭಾನುವಾರ ಬಸ್ ಹತ್ತಿ ಪಲ್ಲಡಕ್ಕೆ ಹೋದೆ. ತಗಡಿನ ಶೆಡ್ಡು, ಕಿವಿ ಗುಯ್ಗುಡುವ ಸದ್ದು. ಬಾಗಿಲಲ್ಲಿ ಸಾಲಾಗಿ ಚಪ್ಪಲಿ, ತುದಿಯಲ್ಲಿ ನಾನು ಮಾಡಿದ ಜೊತೆ. ಅದರೊಳಗಿನ ಗುಳಿಯಲ್ಲಿ ಹತ್ತಿಯ ದೂಳು ತುಂಬಿತ್ತು. ನಾನೂ ನನ್ನದನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಸಿಮೆಂಟು ನೆಲ ಬಿಸಿಯಾಗಿತ್ತು. ಒಂದು ಕಡೆ ತಂತಿಯ ಚೂರು ನನಗೆ ಚುಚ್ಚಿತು, ಕಾಲು ತಾನಾಗಿ ಮೇಲೆದ್ದಿತು. ಗೌಡರು ಅದೇ ನೆಲದ ಮೇಲೆ ಬರಿಗಾಲಲ್ಲಿ ಮಗ್ಗದಿಂದ ಮಗ್ಗಕ್ಕೆ ಹೋಗುತ್ತಿದ್ದರು, ಹೂವಿನ ಮೇಲೆ ನಡೆದಷ್ಟು ನೆಮ್ಮದಿಯಾಗಿ.

ಹೊರಗೆ ಬೇವಿನ ಮರದ ಕೆಳಗೆ ರಾಜಮ್ಮ ಟೀ ಕೊಟ್ಟರು. ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದನ್ನು ಹೇಳಿದೆ: ರಸ್ತೆಗೆ ತಾಗದ ಹೊಸ ಜೊತೆ ಮಾಡಿಕೊಡುತ್ತೇನೆ, ಅದು ಶೆಡ್ಡಿನ ಒಳಗೇ ಇರಲಿ, ಪೂಜೆ ಮಾಡಿಯೇ ಹಾಕಿಕೊಳ್ಳಿ. ಗೌಡರು ಟೀ ಮುಗಿಸಿ ಲೋಟ ಕೆಳಗಿಟ್ಟರು.

‘ಯೋಚ್ನೆ ಚೆನ್ನಾಗೈತೆ. ಆಯುಧ ಪೂಜೆಗೆ ತರಿ ಮುಂದೆ ಇಟ್ಟು, ಅವತ್ತಿಂದ ಹಾಕ್ಕೋತೀನಿ.’

‘ಅದಕ್ಕಿನ್ನೂ ತುಂಬಾ ತಿಂಗಳು ಇದೆ ಮಾಮಾ. ಈಗ್ಲೇ ಒಂದು ಪೂಜೆ ಮಾಡ್ಬಾರ್ದಾ?’

‘ತರಿಗೆ ಪೂಜೆ ಅಂದ್ರೆ ಅದೊಂದೇ ಕಣ್ಣು. ಇಷ್ಟ್ ವರ್ಷ ನಡೆದ ಕಾಲು, ಇನ್ನೊಂದಿಷ್ಟು ದಿನ ನಡೆಯಲ್ವಾ?’

ಅವರು ಹಟ ಮಾಡುತ್ತಿರಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟೇ ಆ ದಿನ ಗೊತ್ತುಮಾಡಿದ್ದರು. ಡಾಕ್ಟರ ಹತ್ತಿರವಾದರೂ ಕರೆದುಕೊಂಡು ಹೋಗಿ ಎಂದು ರಾಜಮ್ಮನನ್ನು ಬೇಡಿಕೊಂಡೆ.

‘ನಾನು ಅಯ್ಯೋ ಅಂದೆ, ಕೊಯಮತ್ತೂರ್ ತಂಕ ಕರ್ಕೊಂಡ್ ಬಂದ್ರು. ಅವ್ರು ಅಯ್ಯೋ ಅನ್ನೋದೇ ಇಲ್ವಲ್ಲಮ್ಮ. ಏನಂತ ಹೇಳಿ ಎಬ್ಬಿಸ್ಲಿ ಅವ್ರನ್ನ?’

ಬಸ್ಸಿಗೆ ಹೊರಡುವಾಗ ದಿನಾ ಸಂಜೆ ಅವರ ಪಾದ ನೀವೇ ನೋಡಿ ಎಂದೆ. ಕೆಂಪಾದರೆ, ಬಿಸಿಯಾದರೆ, ಒದ್ದೆಯಾದರೆ ಕಾಯಬೇಡಿ. ಬಿಸಿನೀರನ್ನು ಅವರ ಕಾಲಿಗೆ ಹಾಕುವ ಮುಂಚೆ ನಿಮ್ಮ ಮೊಣಕೈ ಅದ್ದಿ ನೋಡಿ. ರಾಜಮ್ಮ ತಲೆಯಾಡಿಸಿದರು. ಅಂಗಡಿಗೆ ಬಂದು ಶೆಡ್ಡಿನೊಳಗೆ ಹಾಕುವ ಜೊತೆಯನ್ನು ಮಾಡಿ, ಪೂಜೆಯ ದಿನಕ್ಕೆಂದು ಪೇಪರ್ ಸುತ್ತಿ ಮೇಲಿನ ಗೂಡಿನಲ್ಲಿಟ್ಟೆ.

ಜುಲೈ ಕೊನೆಗೆ, ತಮಿಳರ ಆಡಿ ತಿಂಗಳಲ್ಲಿ, ರಾಜಮ್ಮನ ಫೋನ್ ಬಂತು. ಬೆಳಗ್ಗೆ ಹಾಸಿಗೆ ಮಡಿಸುವಾಗ ವಾಸನೆ ಬಂತಂತೆ. ಯಾವುದೋ ಇಲಿ ಸತ್ತಿದೆಯೇನೋ ಎಂದು ಮಂಚದ ಕೆಳಗೆ ಹುಡುಕಿದರಂತೆ. ಆಮೇಲೆ ನೋಡಿದರೆ ಬೆಡ್‌ಶೀಟಿನಲ್ಲಿ ಕೀವು. ಕೆಲಸ ಹೆಚ್ಚಿದ್ದ ಆ ವಾರ ಗೌಡರು ರಾತ್ರಿ ಪಾಳಿಗೂ ನಿಂತಿದ್ದರು, ಅವರ ಪಾದ ನೋಡಲು ಇವರಿಗೆ ಸಿಕ್ಕಿರಲಿಲ್ಲ. ನಡುವೆ ಎಲ್ಲೋ ಬ್ಲೇಡಿನಿಂದ ಆಣಿ ಕೊಯ್ದಿದ್ದರು.

‘ಅಂಗಡಿಗೆ ಕರ್ಕೊಂಡ್ ಬರ್ಲಾ?’

‘ಬೇಡ ಅತ್ತೆ. ಸೀದಾ ಆಸ್ಪತ್ರೆಗೆ. ಈಗ್ಲೇ. ಕಾಲು ನೆಲಕ್ಕೆ ಊರ್ಬಾರ್ದು.’

ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಕ್ಸ್‌ರೇ ಆಗಿತ್ತು. ಕೀವು ಮೂಳೆಗೆ ಇಳಿದಿತ್ತು. ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡೂ ಹೋದವು. ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಓದಿದ್ದೆಲ್ಲ ತಲೆಯಲ್ಲಿತ್ತು, ಒಂದೂ ಉಪಯೋಗಕ್ಕೆ ಬರಲಿಲ್ಲ. ಗೌಡರು ಬ್ಯಾಂಡೇಜಿನ ಕಾಲು ತೋರಿಸಿ ನನ್ನನ್ನೇ ನಗಿಸಲು ನೋಡಿದರು.

‘ಅಳ್ಬೇಡ ಕಣ್ಣು. ಉಗುರು ಕತ್ರಿಸೋ ಕೆಲ್ಸ ಕಮ್ಮಿ ಆಯ್ತು.’ ಆಮೇಲೆ ಮೆಲ್ಲಗೆ, ‘ಈಗ್ಲೂ ನೋವಿಲ್ಲ, ಗೊತ್ತಾ?’

ಆಯುಧ ಪೂಜೆಗೆ ಕರೆ ಬಂತು. ಅಷ್ಟರಲ್ಲಿ ಗಾಯ ಮಾಗಿತ್ತು, ಡಾಕ್ಟರು ಸ್ವಲ್ಪ ಸ್ವಲ್ಪ ನಡೆಯಬಹುದು ಎಂದಿದ್ದರು. ಗೂಡಿನಲ್ಲಿದ್ದ ಜೊತೆಯಲ್ಲಿ ಎಡಗಾಲಿನದ್ದು ಮಾತ್ರ ಉಪಯೋಗಕ್ಕೆ ಬಂತು. ಬಲಗಾಲಿಗೆ, ಬೆರಳಿಲ್ಲದ ಜಾಗ ತುಂಬುವ ಮೆತ್ತೆ ಇಟ್ಟು, ಷಣ್ಮುಗಂ ಅಣ್ಣನೂ ನಾನೂ ಸೇರಿ ಹೊಸದು ಮಾಡಿದೆವು.

ಮಗ್ಗಗಳಿಗೆಲ್ಲ ಶ್ರೀಗಂಧ, ಕುಂಕುಮ, ಮಾವಿನ ಎಲೆ. ಮೊದಲ ಮಗ್ಗದ ಮುಂದೆ ಬಾಳೆ ಎಲೆಯ ಮೇಲೆ ಆ ಚಪ್ಪಲಿ. ರಾಜಮ್ಮ ಅದಕ್ಕೂ ಒಂದು ಹೂವಿಟ್ಟರು. ಮಂಗಳಾರತಿ ಆದ ಮೇಲೆ ಗೌಡರು ಹೇಳಿದ ಮಾತು ಉಳಿಸಿಕೊಂಡರು. ಎಲ್ಲರ ಎದುರಿಗೆ ಕಾಲಿಗೆ ಹಾಕಿಕೊಂಡರು. ಹಿಮ್ಮಡಿಯ ಹಿಂದೆ ಬರುವ ಪಟ್ಟಿಯನ್ನು ಅಂಟಿಸದೆ ಹಾಗೇ ತುಳಿದು, ಮಗ್ಗಗಳ ನಡುವೆ ಹೊರಟರು.

ಅವತ್ತು ಮಗ್ಗ ಓಡಿಸುವುದಿಲ್ಲ. ಆ ಶೆಡ್ಡಿನ ನಿಶ್ಶಬ್ದ ನಾನು ಕೇಳಿದ್ದು ಅದೇ ಮೊದಲು. ಅವರ ಹೆಜ್ಜೆ ಪಟ್ ಪಟ್ ಎಂದು ಕೇಳಿಸುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಒಂದು ಕಾಲಿನದ್ದು ಮಾತ್ರ ಕೇಳಿಸಿತು. ಬಲಗಾಲಿನ ಚಪ್ಪಲಿ ಜಾರಿ ದಾರಿಯಲ್ಲೇ ಉಳಿದಿತ್ತು. ಗೌಡರು ತಿಳಿಯದೆ ನಡೆಯುತ್ತಲೇ ಇದ್ದರು, ಪ್ರತಿ ಮಗ್ಗವನ್ನೂ ಕೈಯಲ್ಲಿ ಮುಟ್ಟಿ ಮುಟ್ಟಿ.

ಈಗ ಅಂಗಡಿಗೆ ಯಾರೇ ಬರಲಿ, ಎಲ್ಲಿ ನೋವು ಎಂದು ನಾನು ಮೊದಲು ಕೇಳುವುದಿಲ್ಲ. ದಿನದಲ್ಲಿ ಚಪ್ಪಲಿ ಎಲ್ಲೆಲ್ಲಿ ಬಿಡುತ್ತೀರಿ ಎಂದು ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟು. ನೋವನ್ನು ಕಮ್ಮಿ ಮಾಡುವ ರಬ್ಬರ್ ನಮ್ಮ ಹತ್ತಿರ ಹಲವು ಬಗೆಯದಿದೆ. ಹೋದ ನೋವನ್ನು ತಿರುಗಿ ತಂದುಕೊಡುವಂಥದ್ದು ಯಾವುದೂ ಇಲ್ಲ.

ಅವತ್ತು ನಾನು ಕೂಗುವ ಮುಂಚೆಯೇ ರಾಜಮ್ಮ ಬಗ್ಗಿ ಆ ಚಪ್ಪಲಿ ಎತ್ತಿಕೊಂಡು, ‘ರೀ, ನಿಂತ್ಕೊಳ್ರೀ’ ಎನ್ನುತ್ತಾ ಗಂಡನ ಹಿಂದೆ ಹೋದರು. ಅದರ ಮೇಲೆ ಇಟ್ಟ ಹೂವು ಇನ್ನೂ ಪಟ್ಟಿಗೆ ಸಿಕ್ಕಿಕೊಂಡೇ ಇತ್ತು.