ಗುಝೆಂಗ್ ನುಡಿದಾಗ ಎಳೆದ ಗೆರೆ

ಎತ್ತಿನ ದಲಾಲಿ ಮಾಡುವವನಿಗೆ ಕಾಯುವುದು ಗೊತ್ತಿರಬೇಕು. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ದನದ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಸನ್ನೆಯಲ್ಲೇ ದರ ಹೇಳಿ ವ್ಯಾಪಾರ ಕುದುರಿಸಿಯೇ ನಾನು ಇಂಡಿಯಲ್ಲಿ ಮನೆ ಕಟ್ಟಿಸಿದೆ. ಬೆರಳನ್ನು ಒಮ್ಮೆ ಬಿಗಿಯಾಗಿ ಒತ್ತಿದರೆ ವ್ಯಾಪಾರ ಮುಗಿದ ಹಾಗೆ. ಎದುರಿನವನ ಮನಸ್ಸು ತಿಳಿಯುವ ಮುಂಚೆ ಒತ್ತಿದವನು ಕೆಟ್ಟ. ಹೊಸ ದಲಾಲರಿಗೆ ನಾನು ಇದನ್ನೇ ಹೇಳಿಕೊಡುತ್ತ ಬಂದೆ. ಹೆಂಡತಿಯ ಹತ್ತಿರ ಮಾತ್ರ ಮರೆತೆ.

ಅವಳು ಇಂಡಿಯ ಸಾಲೆಯೊಂದರಲ್ಲಿ ಒಂದನೇ ತರಗತಿಯ ಅಕ್ಕೋರು. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು. ಅವಳ ಅಕ್ಷರ ಹೇಗಿತ್ತೆಂದರೆ, ಓಣಿಯಲ್ಲಿ ಯಾರ ಲಗ್ನವಾದರೂ ಪತ್ರಿಕೆಗಳ ಮೇಲೆ ಹೆಸರು ಬರೆಸಲು ಕಟ್ಟು ಹೊತ್ತು ನಮ್ಮ ಮನೆಗೇ ಬರುತ್ತಿದ್ದರು. ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. "ಸ್ವರ್ಗದ ಬಾಗಲದಾಗ ನಿಂತೂ ಚೌಕಾಸಿ ಮಾಡಾವ್ರು ನೀವು" ಎಂದು ದಿನಕ್ಕೊಮ್ಮೆಯಾದರೂ ಹಂಗಿಸುತ್ತಿದ್ದವಳು ಬರೀ ಕಣ್ಣಾಗಿ ಉಳಿದಳು. ಎಲ್ಲಿ ನೋಯುತ್ತದೆ, ಏನು ಬೇಕು, ನನ್ನ ಮೇಲೆ ಸಿಟ್ಟೇ, ಒಂದೂ ತಿಳಿಯದೆ ಎಂಟು ತಿಂಗಳು ಕಳೆದವು. ಒಂದೇ ಒಂದು ಮಾತು ಬರೆದು ತೋರಿಸಲಿ ಎಂದು ಪಾಟಿ ಬಳಪ ತಂದುಕೊಟ್ಟೆ. ಎಡಗೈಯಿಂದ ದೂರ ತಳ್ಳಿದಳು. ಅಷ್ಟು ಚೆಂದ ಬರೆಯುತ್ತಿದ್ದವಳಿಗೆ ಸೊಟ್ಟ ಅಕ್ಷರ ಬರೆಯಲು ನಾಚಿಕೆ. ನನಗೆ ಆಗ ಅದು ಹೊಳೆಯಲಿಲ್ಲ.

ಸಿಂದಗಿಯಲ್ಲಿ ಒಬ್ಬ ಡಾಕ್ಟರ್ ಹುಡುಗಿ ಇದ್ದಾಳೆ. ಚೀನಾಕ್ಕೆ ಹೋಗಿ ಡಾಕ್ಟರಿಕೆ ಕಲಿತು ಬಂದವಳು. ಚಿಕ್ಕಂದಿನಲ್ಲಿ ನನ್ನ ಹೆಂಡತಿಯ ಹತ್ತಿರವೇ ಅಕ್ಷರ ತಿದ್ದಿದವಳು. ಲಕ್ವಾ ಹೊಡೆದವರಿಗೆ ರವಿವಾರ ಕೈಯ ವ್ಯಾಯಾಮ ಮಾಡಿಸುತ್ತಾಳೆಂದು ಕೇಳಿ, ಕಾರು ಮಾಡಿಕೊಂಡು ಇವಳನ್ನು ಕರೆದೊಯ್ದೆ.

ಕೋಣೆಯ ನಡುವೆ ಆಳುದ್ದದ ಮರದ ವಾದ್ಯ ಇತ್ತು. ಗುಝೆಂಗ್ ಎಂದು ಅದರ ಹೆಸರಂತೆ, ಚೀನಾದಿಂದ ತಂದದ್ದು. ಇಪ್ಪತ್ತೊಂದು ತಂತಿ, ಪ್ರತಿ ತಂತಿಯ ಕೆಳಗೂ ಅದನ್ನು ಎತ್ತಿ ಹಿಡಿಯುವ ಬೇರೆ ಬೇರೆ ಮರದ ಕುದುರೆ. ನಾನು ರೂಢಿಯಂತೆ ಮೊದಲು ಮರ ತಟ್ಟಿ ನೋಡಿದೆ.

"ಯಾವ ಕಟಗಿ ತಂಗಿ ಇದು? ಬಾಳಿಕಿ ಬರತೈತೇನ?"

"ನಾ ಮಾರೂದಿಲ್ರಿ ಕಾಕಾ, ಎತ್ತಿನ ಹಂಗ ಹಲ್ಲ ಎಣಸಬ್ಯಾಡ್ರಿ ಅದರದು."

ಹೆಂಡತಿಯ ತುಟಿ ಒಂದು ಬದಿಗೆ ಮೇಲೇರಿತು. ಎಂಟು ತಿಂಗಳ ಮೇಲೆ ಅವಳು ನಕ್ಕದ್ದು ಅಂದು.

ಮೇಜಿನ ಮೇಲೆ ಉಣ್ಣೆ ಬಟ್ಟೆ, ಅದರ ಮೇಲೆ ತೆಳ್ಳನೆಯ ಕಾಗದ. ಗಂಧ ತೇಯ್ದ ಹಾಗೆ ಕಲ್ಲಿನ ಮೇಲೆ ಮಸಿ ತೇಯ್ದಿಟ್ಟಿತ್ತು. ಹುಡುಗಿ ಕುಂಚವನ್ನು ನೆಟ್ಟಗೆ ಹಿಡಿದು ಎಡದಿಂದ ಬಲಕ್ಕೆ ಒಂದು ಗೆರೆ ಎಳೆದಳು.

"ಅಕ್ಕೋರ, ಚೀನಾದಾಗ ಇದು 'ಒಂದು' ಅನ್ನೂ ಅಕ್ಷರರಿ. ಒಂದ ಗೆರಿ ಎಳದ್ರ ಒಂದು ಆತು. ಅಲ್ಲಿ ಹುಡುಗೂರು ಮೊದಲ ಇದನ್ನ ಕಲೀತಾರ. ನಾ ಬಾರಸ್ತೇನಿ. ತಂತಿ ಹೆಂಗ ಎಳೀತೈತಿ, ಹಂಗ ನೀವೂ ಕುಂಚ ಎಳೀರಿ. ಗಡಬಡಿ ಏನಿಲ್ಲ."

ಹುಡುಗಿಯ ಬಲಗೈ ತಂತಿ ಮೀಟುತ್ತಿತ್ತು. ಎಡಗೈ ಕುದುರೆಯ ಆಚೆ ಬದಿಯಲ್ಲಿ ಅದೇ ತಂತಿಯನ್ನು ಒತ್ತುತ್ತಿತ್ತು. ಒತ್ತಿದೊಡನೆ ಸ್ವರ ಬಾಗುತ್ತಿತ್ತು, ಅಳು ನುಂಗಿಕೊಂಡವರ ದನಿಯಂತೆ. ಹೆಂಡತಿ ಆ ಎಡಗೈಯನ್ನೇ ನೋಡುತ್ತ ಕುಳಿತಳು. ಆಮೇಲೆ ತಾನಾಗಿಯೇ ತನ್ನ ಎಡಗೈಯಲ್ಲಿ ಕುಂಚ ತೆಗೆದುಕೊಂಡಳು. ಸ್ವರ ನಿಂತಲ್ಲಿ ಕುಂಚ ನಿಂತಿತು, ಸ್ವರ ಜಾರಿದಾಗ ಕುಂಚವೂ ಸರಿಯಿತು. ಮಸಿ ಮೆಲ್ಲಗೆ ಕಾಗದದೊಳಗೆ ಇಳಿಯಿತು. ಗೆರೆ ನಡುಗಿತ್ತು, ಕೊನೆಗೆ ಕೆಳಕ್ಕೆ ಬಾಗಿತ್ತು. ಆದರೆ ಅದನ್ನು ನೋಡಿ ಅವಳು ನಾಚಲಿಲ್ಲ. ಗಂಟಲಿನಿಂದ ಒಂದು ಸಣ್ಣ ದನಿ ಬಂತು. ತಂತಿಯ ಜೊತೆಗೇ ಬಂತು.

ನಾನು ಸುಮ್ಮನೆ ಕುಳಿತಿದ್ದರೆ ಸಾಕಿತ್ತು.

"ಬಂತಲ್ಲ! ಇನ್ನ 'ಅ' ಬರಿ ನೋಡೂಣು," ಎಂದು ಎದ್ದೆ. "ಇದ್ಯಾಕ ಹಿಂಗ ಡೊಂಕು? ನೆಟ್ಟಗ ಎಳಿ." ಅವಳ ಕೈಯನ್ನು ನನ್ನ ಮುಷ್ಟಿಯೊಳಗೆ ಹಿಡಿದೆ, ಸಂತೆಯಲ್ಲಿ ಹಿಡಿಯುವಷ್ಟೇ ಬಿಗಿಯಾಗಿ. ಅವಳ ಗೆರೆಯ ಮೇಲೆಯೇ ಕುಂಚ ಒತ್ತಿ, ಆ ತುದಿಯಿಂದ ಈ ತುದಿಗೆ ಎಳೆದುಬಿಟ್ಟೆ. ದಪ್ಪ, ನೇರ ಗೆರೆ.

ತಂತಿ ನಿಂತಿತು.

"ಕಾಕಾ, ಎಂಥಾ ಕೆಲಸ ಮಾಡಿದ್ರಿ! ಬರದ ಗೆರಿ ಮ್ಯಾಲ ಮತ್ತ ಕುಂಚ ಇಡಬಾರದ್ರಿ. ಡೊಂಕಿದ್ರ ಡೊಂಕ ಇರ್ಲಿ. ಅದು ಅಕ್ಕೋರದು."

"ಏ, ಅದಕ್ಕೇನಾತು ತಂಗಿ, ಬ್ಯಾರೆ ಕಾಗದ ಕೊಡು. ಮತ್ತೊಂದು ಬರೀತಾಳ."

ಹೆಂಡತಿ ನನ್ನ ಮುಷ್ಟಿಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡಳು. ಕುಂಚವನ್ನು ಮಸಿಯ ಕಲ್ಲಿನ ಪಕ್ಕದಲ್ಲಿಟ್ಟಳು. ಹುಡುಗಿ ಹೊಸ ಕಾಗದ ಹಾಸಿದಳು, ಮತ್ತೆ ಬಾರಿಸಿದಳು. ಕಾಗದ ಬಿಳಿಯದಾಗಿಯೇ ಉಳಿಯಿತು.

ಮುಂದೆ ಮೂರು ರವಿವಾರ ಕರೆದೊಯ್ದೆ. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಅವಳು ವಾದ್ಯ ಕೇಳುತ್ತಿದ್ದಳಂತೆ, ಕುಂಚ ಮುಟ್ಟುತ್ತಿರಲಿಲ್ಲವಂತೆ. ಬರುವಾಗ ಕಾರಿನಲ್ಲಿ "ನಂದು ತಪ್ಪಾತು" ಎಂದೆ. ಅವಳು ಕಿಟಕಿಯಾಚೆಯ ನಿಂಬೆ ತೋಟಗಳನ್ನು ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ, ತಿಳಿಯುವ ದಾರಿ ಯಾವುದು? ನಾಲ್ಕನೆಯ ರವಿವಾರ ಬರುವ ಮೊದಲೇ ಇನ್ನೊಮ್ಮೆ ಲಕ್ವಾ ಹೊಡೆಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಳು.

ಸಲಹೆ ಕೊಡುವ ಯೋಗ್ಯತೆ ನನಗೀಗ ಉಳಿದಿಲ್ಲ. ಆದರೂ ಹೇಳುತ್ತೇನೆ, ಚಟ ಬಿಡದು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತು ಕಳೆದುಕೊಂಡಿದ್ದರೆ, ಅವರು ಎಷ್ಟು ಬರೆದರೋ ಅಷ್ಟೇ ಓದಿರಿ. ಒಂದು ಗೆರೆಯಾದರೆ ಗೆರೆ. ನಿಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತುಕೊಳ್ಳಿರಿ.

ಕಾರ್ಯ ಮುಗಿದ ಮೇಲೆ ಸಿಂದಗಿಗೆ ಹೋಗಿ ಆ ಕಾಗದ ಕೇಳಿದೆ. ಹುಡುಗಿ ಸುರುಳಿ ಸುತ್ತಿ ಇಟ್ಟಿದ್ದಳು; ಕೊಡಲು ಹಿಂಜರಿದಳು.

"ಅದರಾಗ ಅಕ್ಕೋರ ಗೆರಿ ಕಾಣಂಗಿಲ್ರಿ, ಕಾಕಾ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಉದ್ದಕ್ಕೂ ನನ್ನ ಕರಿ ಪಟ್ಟಿ. ಬಲತುದಿಯಲ್ಲಿ ಮಾತ್ರ, ನನ್ನದು ನೇರವಾಗಿ ಹೋದ ಕಡೆ, ಉಗುರಿನಷ್ಟು ಅವಳ ಗೆರೆ ಕೆಳಕ್ಕೆ ಬಾಗಿ ಹೊರಗೆ ಉಳಿದಿದೆ.