ಹೆಸರು ತೆಗೆದ ಪುಟ

ವಿಚಾರ ಸಂಕಿರಣ ಎಂದರೆ ಮೊದಲು ಬ್ಯಾಗು. ಒಳಗೊಂದು ಪ್ಯಾಡು, ಬರೆಯದ ಪೆನ್ನು, ಊಟದ ಕೂಪನ್ನು. ಎರಡನೇ ಭಾಷೆಯಲ್ಲಿ ಬರವಣಿಗೆ ಕಲಿಸುವುದು ಹೇಗೆಂದು ಚರ್ಚಿಸಲು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಸೇರಿದ್ದ ನಮ್ಮಲ್ಲಿ ಅರ್ಧ ಜನ ಪ್ರಮಾಣಪತ್ರಕ್ಕಾಗಿ ಬಂದವರು. ನಾನು ಅವರಂಥವಳಲ್ಲ ಎಂದುಕೊಂಡಿದ್ದೆ. ನಾನು ಹೋದದ್ದು ಚಪ್ಪಾಳೆಗಾಗಿ ಎಂಬುದು ಈಗ ಗೊತ್ತು.

ಶಿಡ್ಲಘಟ್ಟದ ಶಾಲೆಯೊಂದರಲ್ಲಿ ನಾನು ಕನ್ನಡ ಶಿಕ್ಷಕಿ. ನನ್ನ ಒಂಬತ್ತನೇ ತರಗತಿಯಲ್ಲಿ ಮನೆಮಾತು ಕನ್ನಡವಾಗಿರುವವರು ಕಡಿಮೆ. ಕೆಲವರದು ತೆಲುಗು, ಹೆಚ್ಚಿನವರದು ಉರ್ದು. ಪ್ರಬಂಧ ಬರೆಯಿರಿ ಎಂದರೆ ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡಿ ಇಳಿಸುತ್ತಿದ್ದರು. ಗ್ರಂಥಾಲಯದ ಮಹತ್ವವನ್ನು ಮೂವತ್ತು ಮಕ್ಕಳೂ ಒಂದೇ ಮಾತಿನಲ್ಲಿ ಹೊಗಳುತ್ತಿದ್ದರು, ಒಬ್ಬರೂ ಗ್ರಂಥಾಲಯದ ಮೆಟ್ಟಿಲು ಹತ್ತಿದವರಲ್ಲ. ನನಗೆ ಅದು ಸಾಕಾಗಿಹೋಗಿತ್ತು. ವಾರಕ್ಕೊಂದು ಪುಟ ನಿಮ್ಮ ಮನೆಯ ವಿಷಯ ಬರೆಯಿರಿ, ಕೆಂಪು ಪೆನ್ನು ಮುಟ್ಟುವುದಿಲ್ಲ ಎಂದೆ.

"ತಪ್ಪಾದ್ರೆ ಆಗ್ಲಿ ಬಿಡ್ರಮ್ಮ. ನಾನೊಬ್ಳೇ ತಾನೇ ಓದೋದು."

ಒಬ್ಬ ಹುಡುಗಿ ಮೂರು ತಿಂಗಳು ಬರೀ ತಾರೀಕು ಹಾಕಿ ಖಾಲಿ ಪುಟ ಕೊಟ್ಟಳು. ಅವಳ ತಾಯಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದರು. ನಾಲ್ಕನೇ ತಿಂಗಳು ಪುಟದಲ್ಲಿ ಅಕ್ಷರ ಕಂಡಿತು.

"ಅಮ್ಮಿ ಬಿಸಿನೀರಲ್ಲಿ ಕೈ ಹಾಕಿ ಗೂಡು ದಾರ ತೆಗೀತಾಳೆ. ಅವಳ ಬೆರಳು ಗೆರೆ ಎಲ್ಲ ಹೋಯ್ತು. ರೇಷನ್ ಅಂಗಡಿ ಮಿಷಿನ್ ಅಮ್ಮಿನ ಗೊತ್ತಿಲ್ಲ ಅಂತದೆ. ಅಮ್ಮಿ ಕೈ ಒರೆಸ್ತಾಳೆ, ಮತ್ತೆ ಇಡ್ತಾಳೆ. ನಾನು ಜೋರಾಗಿ ಹೇಳ್ದೆ, ಇದು ನನ್ನ ಅಮ್ಮಿ."

ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಅತ್ತದ್ದು ನಿಜ. ಮರುವಾರ ಅದೇ ಪುಟದ ಫೋಟೋ ತೆಗೆದು ಸಂಕಿರಣದಲ್ಲಿ ಓದಲಿದ್ದ ನನ್ನ ಪ್ರಬಂಧಕ್ಕೆ ಸೇರಿಸಿದ್ದೂ ನಿಜ. ಹೆಸರು ಅಳಿಸಿದ್ದೆ. ಅಷ್ಟು ಮಾಡಿದರೆ ಸಾಕು ಎಂದುಕೊಂಡೆ. ಅವಳನ್ನೊಂದು ಮಾತು ಕೇಳಬೇಕು ಎಂದು ಹೊಳೆಯಲೇ ಇಲ್ಲ.

ನಮ್ಮಲ್ಲಿ ಯಾವ ಸಭೆಯೂ ಪ್ರಾರ್ಥನೆಯಿಲ್ಲದೆ ಶುರುವಾಗುವುದಿಲ್ಲ, ಪ್ರಾರ್ಥನೆಗೆ ಯಾವುದಾದರೂ ಶಾಲೆಯ ಹೆಣ್ಣುಮಕ್ಕಳು ಬೇಕೇ ಬೇಕು. ಸಂಘಟಕರು ನನ್ನನ್ನು ಕೇಳಿದರು. ಐದು ಹುಡುಗಿಯರನ್ನು ಬಸ್ಸಿನಲ್ಲಿ ಕರೆದೊಯ್ದೆ. ಆ ಪುಟ ಬರೆದವಳ ಕಂಠ ಚೆನ್ನಾಗಿತ್ತು, ಅವಳೂ ಬಂದಳು. ಹಾಡು ಮುಗಿದ ಮೇಲೆ ಆ ಮಕ್ಕಳನ್ನು ಊಟದವರೆಗೆ ಕಡೇ ಸಾಲಿನಲ್ಲಿ ಕೂರಿಸಿದರು.

ನನ್ನ ಸರದಿ ಊಟಕ್ಕೆ ಮುಂಚೆಯೇ ಬಂತು. ಮಕ್ಕಳು ಹಿಂದೆ ಕೂತಿದ್ದಾರೆಂಬುದು ನೆನಪಿತ್ತು. ಇರಲಿ, ಅವಳಿಗೂ ಖುಷಿಯಾಗುತ್ತದೆ ಎಂದುಕೊಂಡೆ. ತಪ್ಪು ಬರೆಯಲು ಮಕ್ಕಳು ಹೆದರಬಾರದು ಎಂದು ಹತ್ತು ನಿಮಿಷ ಮಾತಾಡಿ, ಆ ಪುಟವನ್ನು ಗೋಡೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ತೋರಿಸಿದೆ.

ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕರು ಮೈಕು ಎಳೆದುಕೊಂಡರು. ಅದನ್ನು ಅವರು ಸುಮ್ಮನೆ ಓದಲಿಲ್ಲ. ನಾಟಕಗಳಲ್ಲಿ ಸಾಬರ ಕನ್ನಡವನ್ನು ಆಡಿಕೊಳ್ಳುತ್ತಾರಲ್ಲ, ಆ ರಾಗದಲ್ಲಿ ಎಳೆದೆಳೆದು ಓದಿದರು. "ಮಿಷಿನ್ನು ಅಮ್ಮಿನ ಗೊತ್ತಿಲ್ಲ ಅಂತದೇ" ಎಂಬಲ್ಲಿ ಸಭೆ ಬಿದ್ದು ಬಿದ್ದು ನಕ್ಕಿತು.

"ನೋಡಿ, ನಮ್ಮ ಕನ್ನಡದ ಗತಿ!" ಎಂದರು.

ನಾನೂ ನಕ್ಕೆ. ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ದೊಡ್ಡವರು ನಕ್ಕಾಗ ಜೊತೆಗೆ ನಗುವುದು ಅಭ್ಯಾಸವಾಗಿಬಿಟ್ಟಿದೆ, ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಕಡೇ ಸಾಲಿನಲ್ಲಿ ನಾಲ್ಕು ಹುಡುಗಿಯರು ಅವಳ ಕಡೆಗೇ ತಿರುಗಿದ್ದರು. ಅವಳ ಅಕ್ಷರ ಅವರಿಗೆ ಗೊತ್ತಿಲ್ಲವೇ? ಅವಳು ತಲೆ ಬಗ್ಗಿಸಿ ವೇಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ನನ್ನದು ಆ ದಿನದ ಉತ್ತಮ ಪ್ರಬಂಧವೆಂದು ಶಾಲು ಹೊದಿಸಿದರು. ಗೌರಿಬಿದನೂರಿನ ಉಪನ್ಯಾಸಕರೊಬ್ಬರು ಪುಟದ ಫೋಟೋ ವಾಟ್ಸಾಪ್ ಮಾಡಿ ಮೇಡಂ ಎಂದರು. ಆಗಲಿ ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನಿಂದ ದೂರ, ಡ್ರೈವರಿನ ಹಿಂದೆ ಕೂತಳು.

ಸೋಮವಾರ ಪುಸ್ತಕ ಕೊಟ್ಟಳು. ಪುಟ ತುಂಬಿತ್ತು. ಗ್ರಂಥಾಲಯದ ಮಹತ್ವ, ದುಂಡು ಅಕ್ಷರ, ಹುಡುಕಿದರೂ ಒಂದು ತಪ್ಪಿಲ್ಲ.

"ಇದ್ಯಾಕಮ್ಮ ಹಿಂಗೆ?" ಎಂದೆ.

"ಗೈಡಿಂದ ಬರ್ದಿದೀನಿ ಮಿಸ್. ಇದನ್ನ ಯಾರಿಗ್ ಬೇಕಾದ್ರೂ ತೋರ್ಸಿ."