ಎದುರಿಗೆ ಕೂತವಳು

ಬಿಳಿಕೆರೆಗೆ ಇನ್ನೂ ಮೊದಲ ಬಸ್ಸು ಬಂದಿಲ್ಲ. ಕಟ್ಟುತ್ತಿರುವ ಮನೆಯೊಂದರ ಅಂಗಳದಲ್ಲಿ ಕಂಠಪ್ಪ ಆಗಲೇ ಕುಕ್ಕರಗಾಲಲ್ಲಿ ಕೂತು ಅಡುಗೆಕಟ್ಟೆಗೆ ಗ್ರಾನೈಟ್ ಕೊಯ್ಯುತ್ತಿದ್ದಾರೆ. ಚಪ್ಪಡಿ ಅಲುಗದಂತೆ ಎದುರಿನ ತುದಿಗೆ ಎರಡು ಮರಳಿನ ಚೀಲ ಹೇರಿದ್ದಾರೆ. ಬ್ಲೇಡಿನ ಮೇಲೆ ಪೈಪಿನ ನೀರು ಬೀಳುತ್ತಿದೆ, ಕಲ್ಲಿನ ಪುಡಿ ಕೆಸರಾಗಿ ಹರಿಯುತ್ತಿದೆ.

ಕೊಯ್ದ ಅಂಚನ್ನು ಉಜ್ಜುವುದು ಇನ್ನೂ ದೊಡ್ಡ ಕೆಲಸ. ಯಂತ್ರಕ್ಕೆ ಸಿಕ್ಕಿಸುವ ಒರಟು ಬಿಲ್ಲೆಯಿಂದ ಶುರು ಮಾಡಿ ಒಂದೊಂದಾಗಿ ನಯವಾದ ಬಿಲ್ಲೆಗೆ ಬರಬೇಕು. "ಅವಸ್ರಕ್ಕೆ ನಡುವೆ ಒಂದು ಬಿಲ್ಲೆ ಬುಟ್ರೆ ಗೀರು ಅಂಗೇ ಉಳ್ಕತದೆ" ಅನ್ನುತ್ತಾರೆ. ದಿನಕ್ಕೆ ನಲವತ್ತು ಅಡಿ ಉಜ್ಜಿದರೆ ಹೆಚ್ಚು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಅದೆಷ್ಟೋ ಅಡುಗೆಮನೆಗಳು ಇವರ ಕೈಯಲ್ಲಿ ಹೊಳಪು ಕಂಡಿವೆ. ಗೃಹಪ್ರವೇಶಕ್ಕೆ ಕರೆದವರು ಮಾತ್ರ ಯಾರೂ ಇಲ್ಲ.

ಮೊದಲು ಮರಳಿನ ಚೀಲ ಇರಲಿಲ್ಲ. ಹೆಂಡತಿ ಮಲ್ಲಾಜಮ್ಮ ಎದುರಿಗೆ ಕೂತು ಎರಡೂ ಕೈಯಲ್ಲಿ ಕಲ್ಲನ್ನು ಅದುಮಿ ಹಿಡಿಯುತ್ತಿದ್ದರು. ಬಣ್ಣ ಬಳಿದ ಗೋಡೆಗೆ ನೀರು ಸಿಡಿಯುತ್ತದೆಂದು ಮನೆ ಕಟ್ಟಿಸುವವರು ತಕರಾರು ತೆಗೆಯುತ್ತಿದ್ದರಿಂದ ಒಣಗಲ್ಲನ್ನೇ ಕೊಯ್ಯಬೇಕಿತ್ತು.

"ಗಾಳಿಗೆ ಬೆನ್ನು ಕೊಟ್ಟು ಕೂತ್ಕೊ, ದೂಳು ಮುಖಕ್ಕೆ ಬರಾಕಿಲ್ಲ ಅಂತ ನಮ್ ಮೇಸ್ತ್ರಿ ಲಿಂಗರಾಜಣ್ಣ ಕಲಿಸಿದ್ರು. ಅಂಗೇ ಕೂತೆ. ದೂಳು ಎತ್ಲಾಗೋಯ್ತದೆ ಅಂತ ಯೋಚ್ನೆ ಮಾಡ್ಲಿಲ್ಲ ಕಣ್ರೀ. ಅತ್ಲಾಗೆ ಇವ್ಳು ಕೂತಿದ್ಲು." ಕಂಠಪ್ಪ ಯಂತ್ರ ಆರಿಸಿ ಪೈಪಿನ ನೀರು ನಿಲ್ಲಿಸುತ್ತಾರೆ.

ಮಧ್ಯಾಹ್ನ ಅವರ ಜೊತೆ ಮನೆಗೆ ಹೋಗುತ್ತೇನೆ. ಮಲ್ಲಾಜಮ್ಮ ಹಿತ್ತಲಿನಿಂದ ಬಾಗಿಲವರೆಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಶ್ವಾಸಕೋಶದಲ್ಲಿ ಕಲ್ಲಿನ ದೂಳು ಕೂತಿದೆ, ಇನ್ನು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. "ಸಂಜೆ ಒತ್ಗೆ ಕಣ್ಣಿನ ರೆಪ್ಪೆಯೆಲ್ಲ ಬೆಳ್ಳಗಾಗಿರೋದು. ಮುದ್ಕಿ ಆಗ್ಬುಟ್ಟೆ ನೋಡಿ ಅಂತ ಇಬ್ರೂ ನಗಾಡ್ತಿದ್ವಿ" ಎಂದು ಈಗಲೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಮ್ಮ ಮನೆಯ ಅಡುಗೆಕಟ್ಟೆಗೂ ಯಾರೋ ಹೀಗೇ ಎದುರಿಗೆ ಕೂತು ಕಲ್ಲು ಹಿಡಿದಿರಬೇಕು ಅನ್ನಿಸಿ ಸಂಕಟವಾಗುತ್ತದೆ.

ಮಲಗಿದರೆ ಉಸಿರು ಕಟ್ಟುವುದರಿಂದ ಮಲ್ಲಾಜಮ್ಮ ರಾತ್ರಿಯಿಡೀ ಗೋಡೆಗೆ ಒರಗಿಯೇ ಇರುತ್ತಾರೆ. ಕಂಠಪ್ಪ ಪಕ್ಕದಲ್ಲಿ ಕೂತು ಬೆನ್ನು ನೀವುತ್ತಾರೆ.

ಬೀದಿಯವರೆಗೆ ಕಳಿಸಲು ಬಂದ ಕಂಠಪ್ಪನವರನ್ನು, ನಿಮಗೇನು ಆಸೆ ಎಂದು ಕೇಳುತ್ತೇನೆ. ಹೆಂಡತಿಗೆ ಕೇಳಿಸೀತೆಂದು ದನಿ ತಗ್ಗಿಸುತ್ತಾರೆ.

"ಒಂದು ರಾತ್ರಿ ಅವ್ಳು ಕಾಲು ಚಾಚಿ ನಿದ್ದೆ ಮಾಡ್ಲಿ. ಎದ್ದು ನಂಗೆ ಚೆನ್ನಾಗಿ ಬಯ್ಲಿ. ಇವತ್ತಿನಗಂಟ ಒಂದು ಸಲಾನೂ ಬಯ್ದಿಲ್ಲ ಕಣ್ರೀ."